ಸಮುದ್ರಕ್ಕೆ ಗಡಿಯಾರ ಕೊಟ್ಟ ಬಡಗಿ ಜಾನ್ ಹ್ಯಾರಿಸನ್

ಜಾನ್ ಹ್ಯಾರಿಸನ್ ಅವರು 1693ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹುಟ್ಟಿದರು. ತಂದೆ ಬಡಗಿ, ಮಗನೂ ಅದೇ ಕೆಲಸ ಕಲಿತರು. ಇಪ್ಪತ್ತರ ವಯಸ್ಸಿನಲ್ಲಿಯೇ ಮರದ ಚಕ್ರಗಳ ಗಡಿಯಾರ ಮಾಡಿದರು.

ಆಗ ನಡುಸಮುದ್ರದಲ್ಲಿ ಹಡಗಿನ ರೇಖಾಂಶ ತಿಳಿಯುವ ಖಚಿತ ದಾರಿ ಇರಲಿಲ್ಲ. 1707ರಲ್ಲಿ ನಾಲ್ಕು ಬ್ರಿಟಿಷ್ ಯುದ್ಧನೌಕೆಗಳು ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಹೆಚ್ಚು ಜನ ಸತ್ತರು. 1714ರಲ್ಲಿ ಪಾರ್ಲಿಮೆಂಟ್, ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳುವ ವಿಧಾನಕ್ಕೆ 20,000 ಪೌಂಡ್ ಬಹುಮಾನ ಘೋಷಿಸಿತು.

ಲೆಕ್ಕ ಸುಲಭ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹೊರಟ ಬಂದರಿನ ಸಮಯಕ್ಕೂ ಹಡಗಿನ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಗೊತ್ತಾದರೆ ರೇಖಾಂಶ ಸಿಕ್ಕಿದಂತೆ. ಆದರೆ ಅಲೆಗಳ ಕುಲುಕಾಟಕ್ಕೆ ಲೋಲಕದ ಗಡಿಯಾರ ಕೆಡುತ್ತಿತ್ತು, ಬಿಸಿಲು ಚಳಿಗೆ ಲೋಹ ಹಿಗ್ಗಿ ಕುಗ್ಗುತ್ತಿತ್ತು.

ಹ್ಯಾರಿಸನ್ ಅವರ ಮೊದಲ ಸಮುದ್ರ ಗಡಿಯಾರ 1735ರಲ್ಲಿ ಸಿದ್ಧವಾಯಿತು. ತೂಕ ಸುಮಾರು 34 ಕಿಲೋ! ಮೂರನೆಯದಕ್ಕೇ 19 ವರ್ಷ ಹಿಡಿಯಿತು. ಕೊನೆಗೆ 1759ರಲ್ಲಿ ದೊಡ್ಡ ಜೇಬುಗಡಿಯಾರದಂಥ, 13 ಸೆಂಟಿಮೀಟರ್ ಅಗಲದ ನಾಲ್ಕನೆಯದು ಬಂತು. 1761ರಲ್ಲಿ ಮಗ ವಿಲಿಯಂ ಅದನ್ನು ಜಮೈಕಾಕ್ಕೆ ಒಯ್ದರು. ದಿನನಿತ್ಯದ ಗೊತ್ತಿದ್ದ ಏರುಪೇರು ಕಳೆದರೆ, 81 ದಿನಕ್ಕೆ ಅದು ತಪ್ಪಿದ್ದು 5 ಸೆಕೆಂಡ್. ನಿಯಮದಲ್ಲಿ 2 ನಿಮಿಷದವರೆಗೂ ಅವಕಾಶವಿತ್ತು.

ಆದರೂ ಹಣ ಬರಲಿಲ್ಲ. ರೇಖಾಂಶ ಮಂಡಳಿ ಇದು ಅದೃಷ್ಟವಿರಬಹುದೆಂದು ಮತ್ತೊಂದು ಪರೀಕ್ಷೆ ಕೇಳಿತು. 1764ರ ಬಾರ್ಬಡೋಸ್ ಪ್ರಯಾಣದಲ್ಲೂ ಗಡಿಯಾರ ಗೆದ್ದಿತು. ಆಗ ಒಳಗಿನ ಗುಟ್ಟನ್ನೆಲ್ಲ ಬಿಚ್ಚಿಡುವ ಷರತ್ತಿನ ಮೇಲೆ 10,000 ಪೌಂಡ್ ಕೊಟ್ಟರು. ಉಳಿದದ್ದಕ್ಕೆ ಹೊಸ ಷರತ್ತುಗಳು. ಮಂಡಳಿಯಲ್ಲಿದ್ದ ಖಗೋಳಜ್ಞ ಮ್ಯಾಸ್ಕಲೈನ್, ಚಂದ್ರನನ್ನು ನೋಡಿ ರೇಖಾಂಶ ಹಿಡಿಯುವ ವಿಧಾನದ ಪರವಾಗಿದ್ದವರು. ಸ್ಪರ್ಧೆಯಲ್ಲಿರುವವರೇ ತೀರ್ಪು ಕೊಡುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ಕೊನೆಗೆ ಮೂರನೇ ಜಾರ್ಜ್ ದೊರೆ ಐದನೇ ಗಡಿಯಾರವನ್ನು ಸ್ವತಃ ಪರೀಕ್ಷಿಸಿದರು. 1773ರಲ್ಲಿ ಪಾರ್ಲಿಮೆಂಟ್ 8,750 ಪೌಂಡ್ ಮಂಜೂರು ಮಾಡಿತು. ಹ್ಯಾರಿಸನ್ ಅವರಿಗೆ ಆಗ 80 ವರ್ಷ. ಕಂತು ಕಂತಾಗಿ ಬಂದದ್ದನ್ನೆಲ್ಲ ಕೂಡಿದರೆ 23,000 ಪೌಂಡ್ ದಾಟುತ್ತದೆ. ನಮ್ಮ ಕಾಮರ್ಸ್ ಕಣ್ಣಿಗೆ ಇದು ಲಾಭವೆಂದು ಕಾಣಬಹುದು, ಆದರೆ ದಶಕಗಳ ಖರ್ಚೂ ಅದರಲ್ಲೇ ಸೇರಿದೆ. ಬಹುಮಾನ ಎಂಬ ಹೆಸರಿನಲ್ಲಿ ಆ 20,000 ಪೌಂಡ್ ಯಾರಿಗೂ ಸಿಗಲೇ ಇಲ್ಲ.

ನಾಲ್ಕನೇ ಗಡಿಯಾರದ ನಕಲನ್ನು ಕ್ಯಾಪ್ಟನ್ ಕುಕ್ ತಮ್ಮ ಎರಡನೇ ಮಹಾಯಾನಕ್ಕೆ ಒಯ್ದು, 1775ರಲ್ಲಿ ಮೆಚ್ಚುಗೆಯೊಂದಿಗೆ ಮರಳಿದರು. ಮರುವರ್ಷ ಮಾರ್ಚ್ 24ರಂದು ಹ್ಯಾರಿಸನ್ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಮೊದಲ ಮೂರು ಸಮುದ್ರ ಗಡಿಯಾರಗಳು ಗ್ರೀನಿಚ್‌ನಲ್ಲಿ ಇಂದಿಗೂ ನಡೆಯುತ್ತವೆ. ನಾಲ್ಕನೆಯದಕ್ಕೆ ಎಣ್ಣೆ ಬೇಕು, ನಡೆಸಿದರೆ ಸವೆಯುತ್ತದೆ ಎಂದು ನಿಲ್ಲಿಸಿಟ್ಟಿದ್ದಾರೆ.