ಕೊನೆಯವರೆಗೂ ಕಲಿತ ಸರ್ ಎಂ. ವಿಶ್ವೇಶ್ವರಯ್ಯನವರು



ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಗೊತ್ತಿಲ್ಲದ ಮನೆ ನಮ್ಮ ನಾಲೆ ಬಯಲಿನಲ್ಲಿ ಇಲ್ಲ. ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲೇ ಅವರ ಪಟವಿದೆ. ಅವರು ಕನ್ನಂಬಾಡಿ ಕಟ್ಟೆ ಕಟ್ಟಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಆ ವಿದ್ಯೆ ಅವರಿಗೆ ಕಾಲೇಜಿನಲ್ಲಿ ಒಂದೇ ಸಲ ಬಂದದ್ದಲ್ಲ. ಆ ಸಂಗತಿಯನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಬೇರೆಯವರ ಮನೆ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ನೌಕರಿ ಸಿಕ್ಕಿತು. ಓದು ಮುಗೀತು ಅಂತ ಪುಸ್ತಕ ಕಟ್ಟಿಡುವ ಕಾಲ ಅದು. ಅವರು ಕಟ್ಟಿಡಲಿಲ್ಲ.

ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು ಕೊಡಬೇಕಾಗಿತ್ತು. ಸಿಂಧೂ ನದಿ ನೀರು ಬರೀ ರಾಡಿ. ಸೋಸುವ ತೊಟ್ಟಿ ಕಟ್ಟಿಸಲು ಪುರಸಭೆಯಲ್ಲಿ ದುಡ್ಡಿಲ್ಲ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳೇ ನೀರನ್ನು ಸೋಸುವ ಹಾಗೆ ಮಾಡಿದರು. 1898ರಲ್ಲಿ ರಜೆ ಹಾಕಿ ಜಪಾನಿಗೆ ಹೋಗಿ, ಅಲ್ಲಿಯ ಶಾಲೆ, ಕೈಗಾರಿಕೆಗಳನ್ನು ನೋಡಿ ಬಂದರು.

ಮರುವರ್ಷ ಪುಣೆ ಕಡೆಯ ನಾಲೆಗಳಲ್ಲಿ ಬ್ಲಾಕ್ ಪದ್ಧತಿ ತಂದರು. ನೀರು ಕೆಲವೇ ಊರುಗಳಲ್ಲಿ ನಿಂತು ಜೌಗಾಗಬಾರದು, ಹೆಚ್ಚು ಊರುಗಳಿಗೆ ಹಂಚಿಕೆಯಾಗಬೇಕು, ಒಂದೇ ಬೆಳೆ ಬದಲು ಸರದಿ ಮೇಲೆ ಬೆಳೆ ಇಡಬೇಕು ಅನ್ನೋದೇ ಅದರ ಸಾರ. ಮೊದಲು ರೈತರು ಒಪ್ಪಲಿಲ್ಲ. ಸಭೆ ಕರೆದು ತಿಳಿಹೇಳಿದ ಮೇಲೆ ಒಪ್ಪಿದರು. ಪುಣೆಯ ಹತ್ತಿರ ಖಡಕ್‌ವಾಸ್ಲಾ ಕಟ್ಟೆಗೆ, ನೀರು ಏರಿದಾಗ ತಾನೇ ತೆರೆದು ಇಳಿದಾಗ ತಾನೇ ಮುಚ್ಚುವ ಬಾಗಿಲು ಮಾಡಿದರು. ಅಂಥ ಬಾಗಿಲುಗಳೇ ಮುಂದೆ ಕನ್ನಂಬಾಡಿಗೂ ಬಂದವು. ಒಂದು ಕಡೆಯ ಕಲಿಕೆ ಇನ್ನೊಂದು ಕಡೆ ಹೀಗೆ ಕೈ ಹಿಡಿಯಿತು.

1908ರಲ್ಲಿ ನೌಕರಿ ಬಿಟ್ಟರು. ಪಿಂಚಣಿ ತಗೊಂಡು ಮನೆಯಲ್ಲಿ ಕೂರಬಹುದಿತ್ತು. ಬದಲಿಗೆ ಯೂರೋಪು, ಅಮೆರಿಕಾ ಸುತ್ತಲು ಹೊರಟರು. ಅಲ್ಲಿರುವಾಗಲೇ ಮೂಸಿ ನದಿ ಪ್ರವಾಹದಿಂದ ನಲುಗಿದ್ದ ಹೈದರಾಬಾದಿನಿಂದ ಕರೆ ಬಂತು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. 1911ರಲ್ಲಿ ಕನ್ನಂಬಾಡಿ ಕೆಲಸ ಶುರುವಾಯಿತು. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಬ್ಯಾಂಕು, ಹೆಬ್ಬಾಳದ ಕೃಷಿ ಶಾಲೆ, ಮೈಸೂರು ವಿಶ್ವವಿದ್ಯಾನಿಲಯ ಬಂದವು.

ತಮಗೆ ಬಂದ ವಿದ್ಯೆಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. 1923ರಿಂದ ಭದ್ರಾವತಿ ಕಬ್ಬಿಣದ ಕಾರ್ಖಾನೆ ನೋಡಿಕೊಂಡದ್ದಕ್ಕೆ ಬರಬೇಕಿದ್ದ ಸಂಭಾವನೆಯನ್ನು ಮನೆಗೆ ಒಯ್ಯದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದೇ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ. ಅದಕ್ಕೆ ತಮ್ಮ ಹೆಸರು ಇಡಿಸಿಕೊಳ್ಳಲಿಲ್ಲ.

1946ರಲ್ಲಿ, ಎಂಬತ್ತು ದಾಟಿದ ಮೇಲೆ, ಕೈಗಾರಿಕೆಗಳನ್ನು ನೋಡಲು ಮತ್ತೆ ಅಮೆರಿಕಾ, ಯೂರೋಪಿಗೆ ಹೋದರು. ತೊಂಬತ್ತು ದಾಟಿದ ಮೇಲೂ ಬಿಹಾರದಲ್ಲಿ ಗಂಗಾ ನದಿ ಸೇತುವೆಗೆ ಜಾಗ ನೋಡಿ ಸಲಹೆ ಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ನಾವು ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರು, ಇನ್ನೇನು ಕಲಿಯೋದು ಅನ್ನುವ ಮಾತು ನಮ್ಮ ಜಗಲಿಗಳಲ್ಲಿ ದಿನಾ ಕೇಳುತ್ತೇವೆ. ಮಣ್ಣು ಪರೀಕ್ಷೆ, ಹನಿ ನೀರಾವರಿ, ಸಂಘದ ಲೆಕ್ಕದ ಪುಸ್ತಕ ಓದುವುದು, ಇವು ಯಾವುದಕ್ಕೂ ಡಿಗ್ರಿ ಬೇಕಿಲ್ಲ. ಮೇಲಿನ ಗದ್ದೆಯವರು ನೀರು ಕಟ್ಟುವುದನ್ನು ಸರಿಯಾಗಿ ಕಲಿತರೆ ನಾಲೆಯ ಕೊನೆಯವರಿಗೂ ನೀರು ಸಿಗುತ್ತದೆ. ಕಲಿಯದಿದ್ದರೆ ನಷ್ಟ ನಮಗೊಬ್ಬರಿಗೇ ಅಲ್ಲ, ಕೆಳಗಿನವರಿಗೂ ಹೌದು. ಸಂಘ ತರಬೇತಿ ಕರೆದಾಗ ಹಿರಿಯರೂ ಬನ್ನಿ, ಹೆಣ್ಣುಮಕ್ಕಳನ್ನೂ ಕರೆತನ್ನಿ. ಪಟಕ್ಕೆ ಹೂವು ಹಾಕುವುದರ ಜೊತೆಗೆ ಇದೂ ಅವರಿಗೆ ಸಲ್ಲುವ ಪೂಜೆ.