ಕರ್ನಲ್ ಸೈಕ್ಸ್ ಮತ್ತು ಭೀಮೆಯ ಮೀನುಗಳು

ಮಕ್ಕಳೇ, ಭೀಮಾ ನದಿಯನ್ನು ನೀವು ನೋಡಿರಬಹುದು. ಅದು ಪಂಢರಪುರವನ್ನು ದಾಟಿ, ಸೋಲಾಪುರ ಜಿಲ್ಲೆಯಲ್ಲಿ ಹರಿದು ಕರ್ನಾಟಕವನ್ನು ಸೇರುತ್ತದೆ. ಅಕ್ಕಲಕೋಟ ತಾಲೂಕಿನ ಬೋರಿ ನದಿಯೂ ಭೀಮೆಯನ್ನೇ ಕೂಡುತ್ತದೆ. ಈ ನೀರಿನಲ್ಲಿ ಎಷ್ಟು ಬಗೆಯ ಮೀನುಗಳಿವೆ, ಬಲ್ಲಿರಾ? ಸುಮಾರು ಇನ್ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್.

ಸೈಕ್ಸ್ ಅವರು 1790ರಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಸೇರಿ ಇಂಗ್ಲೆಂಡಿನಿಂದ ಭಾರತಕ್ಕೆ ಬಂದರು. ಇಲ್ಲಿ ಹಿಂದುಸ್ತಾನಿ ಮತ್ತು ಮರಾಠಿ ಭಾಷೆಗಳನ್ನು ಕಲಿತರು. 1824ರಲ್ಲಿ ಮುಂಬಯಿ ಸರಕಾರವು ಅವರಿಗೆ ಹೊಸ ಕೆಲಸವನ್ನು ಒಪ್ಪಿಸಿತು. ದಖ್ಖನಿನ ಊರು, ಜನ, ಬೆಳೆಗಳ ಅಂಕಿಸಂಖ್ಯೆಗಳನ್ನು ಕೂಡಿಸುವುದೇ ಆ ಕೆಲಸ. ಹೀಗೆ ಊರೂರು ತಿರುಗುವಾಗ ಅವರು ಪ್ರಾಣಿ, ಪಕ್ಷಿ, ಮೀನುಗಳನ್ನೂ ಅಭ್ಯಸಿಸಿದರು.

ಮೀನುಗಳನ್ನು ಗುಂಪುಗಳಾಗಿ ವಿಂಗಡಿಸುವುದು ಹೇಗೆ? ಮೈಮೇಲೆ ಹುರುಪೆ ಇದೆಯೇ? ಬಾಯಿಯ ಬಳಿ ಮೀಸೆಗಳೆಷ್ಟು? ರೆಕ್ಕೆಯಲ್ಲಿ ಕಡ್ಡಿಗಳೆಷ್ಟು? ಇದನ್ನೆಲ್ಲ ನೋಡಿ, ಎಣಿಸಬೇಕು. ಖುದ್ರೀ ಮೀನಿಗೆ ದೊಡ್ಡ ದೊಡ್ಡ ಹುರುಪೆಗಳಿವೆ. ಶಿಂಗಾಳಾ ಮೀನಿಗೆ ಹುರುಪೆಯೇ ಇಲ್ಲ. ಅದಕ್ಕೆ ಬೆಕ್ಕಿನಂತೆ ಉದ್ದ ಮೀಸೆಗಳಿವೆ. ಆದ್ದರಿಂದ ಇವೆರಡೂ ಬೇರೆ ಬೇರೆ ಗುಂಪಿನವು.

ಯಾವ ಮೀನು ಎಲ್ಲಿ ಸಿಕ್ಕಿತು ಎಂಬುದನ್ನೂ ಸೈಕ್ಸ್ ಬರೆದಿಟ್ಟರು. ಖುದ್ರೀ ಮೀನು ಅವರಿಗೆ ಪುಣೆಯ ಹತ್ತಿರ ಮುಳಾ-ಮುಠಾ ನದಿಯಲ್ಲಿ ದೊರೆಯಿತು. ಆ ನದಿ ಭೀಮೆಯನ್ನು ಸೇರುತ್ತದೆ. ಭೀಮೆ ಮುಂದೆ ಕೃಷ್ಣೆಯನ್ನು ಸೇರುತ್ತದೆ. ನೀರು ಕೂಡಿದಲ್ಲಿ ಮೀನಿಗೂ ದಾರಿಯಾಗುತ್ತದೆ. ಆದ್ದರಿಂದಲೇ ಖುದ್ರೀ ಕೃಷ್ಣೆಯಲ್ಲಿಯೂ ಇದೆ.

1829ರಲ್ಲಿ ಖರ್ಚು ಉಳಿಸಲೆಂದು ಸರಕಾರವು ಸೈಕ್ಸ್ ಅವರ ಹುದ್ದೆಯನ್ನೇ ರದ್ದುಪಡಿಸಿತು. ಆದರೂ ಅವರು ಕೈಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ. ಸಂಬಳವಿಲ್ಲದೆ ದುಡಿದು 1831ರಲ್ಲಿ ಅದನ್ನು ಮುಗಿಸಿಯೇ ಸ್ವದೇಶಕ್ಕೆ ಹೊರಟರು. 1839ರಲ್ಲಿ ದಖ್ಖನಿನ ನಲವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ವರ್ಣನೆಯನ್ನು ಪ್ರಕಟಿಸಿದರು. ಅನೇಕ ಮೀನುಗಳಿಗೆ ಇಲ್ಲಿಯ ಜನರು ಕರೆಯುತ್ತಿದ್ದ ಹೆಸರನ್ನೇ ಇಟ್ಟರು. ಜಗತ್ತಿನ ವಿಜ್ಞಾನಿಗಳು ಇಂದಿಗೂ ಆ ಮೀನನ್ನು ಟಾರ್ ಖುದ್ರೀ ಎಂದೇ ಕರೆಯುತ್ತಾರೆ. ನಮ್ಮ ನದಿತೀರದ ಮಾತು ಹೀಗೆ ವಿಜ್ಞಾನದಲ್ಲಿ ಉಳಿಯಿತು.

ಸೈಕ್ಸ್ ಅವರು 1872ರಲ್ಲಿ ಲಂಡನ್ನಿನಲ್ಲಿ ನಿಧನರಾದರು. ಆಮೇಲೆ ಭೀಮೆಯೂ ಬದಲಾಯಿತು. 1980ರಲ್ಲಿ ಉಜನಿ ಆಣೆಕಟ್ಟು ಪೂರ್ಣಗೊಂಡಿತು. ಹೊರದೇಶದ ತಿಲಾಪಿಯಾ ಮೀನು ಅಲ್ಲಿ ಬಹಳವಾಗಿ ಹೆಚ್ಚಿತು. ಹಿಂದಿನ ಮೀನುಗಳಲ್ಲಿ ಯಾವುವು ಉಳಿದಿವೆ? ಯಾವುವು ಕಡಿಮೆಯಾಗಿವೆ? ಇದನ್ನು ತಿಳಿಯಲು ಸೈಕ್ಸ್ ಅವರ ಬರಹವೇ ನೆರವಾಗುತ್ತದೆ. ಮೊದಲು ಏನಿತ್ತು ಎಂಬುದು ಗೊತ್ತಿದ್ದರೆ ತಾನೇ ಏನು ಕಳೆಯಿತು ಎಂಬುದು ತಿಳಿಯುವುದು? ಮಕ್ಕಳೇ, ನೀವೂ ನಿಮ್ಮ ಊರಿನ ಹಳ್ಳ, ಕೆರೆಗಳನ್ನು ಕಣ್ತೆರೆದು ನೋಡಿರಿ. ನೋಡಿದ್ದನ್ನು ಬರೆದಿಡಿರಿ.

ಉಪಕ್ರಮ: ನಿಮ್ಮ ಊರಿನಲ್ಲಿ ಸಿಗುವ ಮೀನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆಯಿರಿ. ಹುರುಪೆ ಇರುವವು, ಇಲ್ಲದವು ಎಂದು ವಿಂಗಡಿಸಿರಿ.