ತಡವಾಗಿ ತಲುಪಿದ ಬೆಳಕು

ಬಸರಾಳು ನನ್ನ ಹುಟ್ಟೂರು. ಹೊಯ್ಸಳರ ದಂಡನಾಯಕ ಹರಿಹರನು 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯದಿಂದಾಗಿ ಇತಿಹಾಸದಲ್ಲಿ ಹೆಸರು ಉಳಿಸಿಕೊಂಡ ಊರು. ಬೇಸಿಗೆ ರಜೆಯ ಒಂದು ರಾತ್ರಿ, ಮಾಳಿಗೆಯ ಮೇಲೆ ಮಲಗಿದ್ದ ಮೊಮ್ಮಕ್ಕಳು ಹಿಂದಿನ ಕಾಲಕ್ಕೆ ಹೋಗಿಬರುವ ಕತೆ ಹೇಳುವಂತೆ ದುಂಬಾಲು ಬಿದ್ದರು. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಕಟ್ಟುಕತೆ ಒಲಿಯದು. ನಿಜವಾದ ಕತೆಯನ್ನೇ ಹೇಳಿದೆ.

ಸಿಂಹ ರಾಶಿಯ ದಕ್ಷಿಣಕ್ಕೆ ಬರಿಗಣ್ಣಿಗೆ ಕಾಣದ ನಕ್ಷತ್ರವೊಂದಿದೆ. ನಮ್ಮಿಂದ ಸುಮಾರು 340 ಜ್ಯೋತಿರ್ವರ್ಷ ದೂರ. ಇಂದು ದೂರದರ್ಶಕಕ್ಕೆ ಸಿಗುವ ಅದರ ಬೆಳಕು ಹೊರಟಾಗ ಮೈಸೂರನ್ನು ಚಿಕ್ಕದೇವರಾಜ ಒಡೆಯರು ಆಳುತ್ತಿದ್ದರು. ಆಕಾಶವನ್ನು ನೋಡುವುದೆಂದರೆ ಗತಕಾಲವನ್ನು ನೋಡುವುದೇ. ಭಾರತದ ವಿದ್ಯಾರ್ಥಿಗಳ ಸಲಹೆಯನ್ನು ಪರಿಗಣಿಸಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2019ರಲ್ಲಿ ಅದಕ್ಕೆ ಬಿಭಾ ಎಂದು ಹೆಸರಿಟ್ಟಿತು. ಬಂಗಾಳಿಯಲ್ಲಿ ಬೆಳಕಿನ ಕಿರಣವೆಂದರ್ಥ. ಅದು ಭೌತವಿಜ್ಞಾನಿ ಬಿಭಾ ಚೌಧುರಿಯವರ ಸ್ಮರಣೆ.

1913ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬಿಭಾ, 1936ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ಪಡೆದಾಗ ತರಗತಿಯಲ್ಲಿ ಅವರೊಬ್ಬರೇ ಮಹಿಳೆ. ಪ್ರೊ. ಡಿ.ಎಂ. ಬೋಸ್ ಅವರೊಡನೆ ಡಾರ್ಜಿಲಿಂಗ್ ಸೀಮೆಯ ಬೆಟ್ಟಗಳಲ್ಲಿ ಛಾಯಾಚಿತ್ರ ಫಲಕಗಳನ್ನಿರಿಸಿ, ವಿಶ್ವಕಿರಣಗಳು ಅವುಗಳ ಮೇಲೆ ಮೂಡಿಸಿದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದರು. ಎಲೆಕ್ಟ್ರಾನಿನ ಸುಮಾರು ಇನ್ನೂರರಷ್ಟು ಭಾರದ ಕಣದ ಸುಳಿವು ಸಿಕ್ಕಿತು. ಫಲಿತಾಂಶಗಳು ನೇಚರ್ ಪತ್ರಿಕೆಯಲ್ಲಿ ಪ್ರಕಟವಾದವು. ಆದರೆ ಅದು ಯುದ್ಧಕಾಲ. ಉತ್ತಮ ದರ್ಜೆಯ ಫಲಕಗಳು ದೊರೆಯದೆ ಕೆಲಸ ನಿಂತಿತು. ಇಂಗ್ಲೆಂಡಿನ ಸೆಸಿಲ್ ಪೊವೆಲ್ ಸುಧಾರಿತ ಫಲಕಗಳೊಂದಿಗೆ ಅಂಥದೇ ವಿಧಾನದಿಂದ ಪೈ-ಮೆಸಾನ್ ಕಣವನ್ನು ಗುರುತಿಸಿ 1950ರ ನೊಬೆಲ್ ಪಡೆದರು. ಕೊರತೆಯ ಬೆಲೆಯನ್ನು ನಾನು ಪಠ್ಯದಲ್ಲಿ ಓದಿದ್ದೆ. ಗಾಜಿನ ಕೆಲವು ಫಲಕಗಳ ಕೊರತೆ ಇಷ್ಟು ದುಬಾರಿಯಾಗಬಲ್ಲದೆಂದು ತಿಳಿದಿರಲಿಲ್ಲ.

ಮ್ಯಾಂಚೆಸ್ಟರಿನಲ್ಲಿ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ದುಡಿದು ಬಂದ ಬಿಭಾ, 1949ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು. ಮುಂದೆ ನಮ್ಮ ಕೋಲಾರ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಪಾಲ್ಗೊಂಡರು. ಆಳದ ಬಂಡೆ ಉಳಿದ ಕಣಗಳನ್ನು ತಡೆಯುವುದರಿಂದ, ಅದನ್ನೂ ಭೇದಿಸಿ ಬರುವ ಕಣಗಳ ಅಧ್ಯಯನಕ್ಕೆ ಗಣಿಯೇ ಪ್ರಶಸ್ತ. ಕೆಜಿಎಫ್ ಎಂದರೆ ಸಿನಿಮಾ ಎಂದಷ್ಟೇ ತಿಳಿದಿದ್ದ ಮೊಮ್ಮಗ ಎದ್ದು ಕುಳಿತ.

ಮೌಂಟ್ ಅಬುವಿನಲ್ಲಿ ನಡೆಸಬೇಕೆಂದಿದ್ದ ಪ್ರಯೋಗಕ್ಕೆ ಅನುಮತಿ ದೊರೆಯದಿದ್ದಾಗ ಬಿಭಾ ಸ್ವಯಂನಿವೃತ್ತಿ ಪಡೆದು ಕಲ್ಕತ್ತೆಗೆ ಮರಳಿದರು. ಅಲ್ಲಿಯೂ ಸಂಶೋಧನೆ ಬಿಡಲಿಲ್ಲ. 1991ರಲ್ಲಿ ತೀರಿಕೊಂಡರು. ದೇಶದ ಪ್ರಮುಖ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ ಆಗಿ ಆರಿಸಿರಲಿಲ್ಲ.

ನಕ್ಷತ್ರಕ್ಕೆ ತಮ್ಮ ಹೆಸರಿಟ್ಟದ್ದು ಅವರಿಗೆ ಗೊತ್ತಾಗಲೇ ಇಲ್ಲವೇ ಎಂದು ಮೊಮ್ಮಗಳು ಕೇಳಿದಳು. ಇಲ್ಲವೆನ್ನಲು ನನಗೆ ಸಂಕೋಚವಾಯಿತು. ಸೇವೆಯಲ್ಲಿದ್ದಾಗ ಕಿರಿಯ ಮಹಿಳಾ ಸಹೋದ್ಯೋಗಿಗಳು ಸಿದ್ಧಪಡಿಸಿದ ಟಿಪ್ಪಣಿಗಳು ನನ್ನ ಸಹಿಯೊಂದಿಗೆ ಮೇಲಕ್ಕೆ ಹೋಗಿ ನನಗೆ ಮೆಚ್ಚುಗೆ ತಂದದ್ದುಂಟು. ಅವರ ಹೆಸರು ಹೇಳಬೇಕೆಂದು ಆಗ ನನಗೆ ತೋಚಿರಲಿಲ್ಲ. ನಕ್ಷತ್ರದ ಬೆಳಕು ತಡವಾಗಿ ತಲುಪುವುದು ದೂರದ ಕಾರಣದಿಂದ. ಪಕ್ಕದ ಮೇಜಿನಲ್ಲೇ ಕುಳಿತವರ ಶ್ರಮವನ್ನು ಕಾಣದಿರಲು ಅಂಥ ಯಾವ ನೆಪವೂ ನಮಗಿಲ್ಲ.